ಒಂಬತ್ತನೆಯ ಪುಟ

ನಮ್ಮೂರಲ್ಲಿ ಹೆಣ್ಣು ಕೊಡುವವರು ಮೊದಲು ಗಂಡಿನ ಮನೆಯ ನೆಲ ನೋಡುತ್ತಾರೆ, ಆಮೇಲೆ ಗಂಡನ್ನು. ಗಂಡು ಓದಿದವನಾದರೆ ನೆಲವನ್ನು ಎರಡು ಸಲ ನೋಡುತ್ತಾರೆ. ಓದಿದವನ ಮನೆಯಲ್ಲಿ ಪುಸ್ತಕ ಇರುತ್ತದೆ, ನಮ್ಮೂರಲ್ಲಿ ಪುಸ್ತಕ ಭಾರವಾಗುತ್ತದೆ. ಕಾಗದ ಎಷ್ಟಿದೆ ಎನ್ನುವುದರ ಮೇಲಲ್ಲ, ಲೋಕದಲ್ಲಿ ಎಷ್ಟು ಜನ ಅದರ ಮಾತು ಕೇಳಿ ನಡೆದರೋ ಅದರ ಮೇಲೆ. ಊರ ಗಡಿಕಲ್ಲು ದಾಟಿಸಿದರೆ ಅದೇ ಪುಸ್ತಕ ಮತ್ತೆ ಬರೀ ಕಾಗದ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಇದು ಯಾಕೆ ಹೀಗೆ ಅಂತ ಹೊರಗಿನವರು ಕೇಳುತ್ತಾರೆ. ನಿಮ್ಮೂರಲ್ಲಿ ಯಾಕೆ ಹೀಗಿಲ್ಲ ಅಂತ ನಾನು ಯಾವತ್ತಾದರೂ ಕೇಳಿದ್ದೇನೆಯೇ?

ಲೋಕದ ದಿಕ್ಕನ್ನೇ ತಿರುಗಿಸಿದ ಪುಸ್ತಕಗಳನ್ನು ಮನೆಯೊಳಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಅವುಗಳಿಗೆ ಊರ ನಡುವೆ ಒಂದು ಅಂಗಳವಿದೆ, ಒಂದೊಂದಕ್ಕೂ ಒಂದೊಂದು ಕಲ್ಲುಚಪ್ಪಡಿ. ನಕ್ಷತ್ರಗಳ ದಾರಿಯನ್ನು ಲೆಕ್ಕ ಹಾಕಿದ ಪುಸ್ತಕವನ್ನು ನಮ್ಮ ಮುತ್ತಜ್ಜನ ಕಾಲದಲ್ಲಿ ಇಪ್ಪತ್ತು ಎತ್ತು ಕಟ್ಟಿ ಗಡಿಯಿಂದ ಎಳೆದು ತಂದರಂತೆ. ಅದರ ಪಕ್ಕದಲ್ಲಿ ಅಂಗೈಯಷ್ಟು ಅಗಲದ ಇನ್ನೊಂದು ಪುಸ್ತಕ ಇದೆ. ಬೇರೆಯವರ ನೆಲ ಕಸಿಯುವುದು ಪುಣ್ಯದ ಕೆಲಸ ಎಂದು ಯಾರೋ ಬರೆದದ್ದು. ಅದಕ್ಕೆ ಇಪ್ಪತ್ತೆರಡು ಎತ್ತು ಬೇಕಾದವು. ತಕ್ಕಡಿಗೆ ಪಾಪಪುಣ್ಯ ಗೊತ್ತಿಲ್ಲ, ಅದಕ್ಕೆ ಭಾರ ಮಾತ್ರ ಗೊತ್ತು. ಹೆಂಗಸರು ಎರಡರ ಮೇಲೂ ಸಂಡಿಗೆ ಒಣಗಿಸುತ್ತಾರೆ.

ಆದರೆ ನಮ್ಮ ಊರಲ್ಲೇ ಬರೆದ ಪುಸ್ತಕ ಒಂದೂ ಕಾಗದದ ತೂಕ ಮೀರಿರಲಿಲ್ಲ. ಇದು ಊರಿನ ಹಳೆಯ ಹುಣ್ಣು, ಯಾರೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಹಿಂದೆ ಒಬ್ಬ ಕವಿ ತನ್ನ ಕಾವ್ಯದ ರಟ್ಟಿನೊಳಗೆ ಸೀಸದ ತಗಡು ಇಟ್ಟು ಹೊಲಿಸಿ ತೂಕಕ್ಕೆ ತಂದು ಸಿಕ್ಕಿಬಿದ್ದ. ಇವತ್ತಿಗೂ ಅವನ ಮೊಮ್ಮಕ್ಕಳನ್ನು ಸೀಸದವರು ಅಂತಲೇ ಕರೆಯುತ್ತಾರೆ.

ನಾನು ನೀಲವ್ವ. ಗುರುಶಾಂತಪ್ಪನವರ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷದಿಂದ ಅಕ್ಷರದ ಮೊಳೆ ಜೋಡಿಸುತ್ತೇನೆ, ಕರಡನ್ನೂ ನಾನೇ ತಿದ್ದುತ್ತೇನೆ. ನಮ್ಮ ಕಸುಬಿಗೆ ಒಂದು ಕಟ್ಟಳೆ ಇದೆ. ಜೋಡಿಸುವವರು ಓದಬಾರದು. ಓದಿದವರ ಎದೆಯ ಮೇಲೆ ಪುಸ್ತಕದ ಭಾರ ಬಂದು ಕೂರುತ್ತದೆ ಎಂದು ನನಗೆ ಕೆಲಸ ಕಲಿಸಿದ ಮುದುಕಿ ಹೇಳುತ್ತಿದ್ದಳು. ಅದಕ್ಕೇ ನಾವು ಪುಟವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಜೋಡಿಸುತ್ತೇವೆ. ಅಕ್ಷರ ಕಣ್ಣಿಗೆ ಬೀಳುತ್ತದೆ, ಅರ್ಥ ತಲೆಗೆ ಹತ್ತುವುದಿಲ್ಲ. ಕರಡನ್ನೂ ಹಾಗೆಯೇ ಕೆಳಗಿನಿಂದ ಮೇಲಕ್ಕೆ ನೋಡುತ್ತೇವೆ. ಇಷ್ಟು ವರ್ಷದಲ್ಲಿ ನಾನು ಒಂದು ಕೊಂಬು ಬಿಟ್ಟವಳಲ್ಲ, ಒಂದು ಒತ್ತು ತಪ್ಪಿದವಳಲ್ಲ. ಆ ಸೊಕ್ಕು ನನಗೆ ಕಂಠಮಟ್ಟ ಇತ್ತು, ಮುಚ್ಚಿಡುವುದೇನು.

ಎರಡು ವರ್ಷದ ಹಿಂದೆ ಸಾಲೋಮಿಬಾಯಿಯವರು ಒಂದು ಪುಟ್ಟ ಪುಸ್ತಕ ಮಾಡಿಸಲು ಬಂದರು. ದವಾಖಾನೆಯಲ್ಲಿ ನಲವತ್ತು ವರ್ಷ ದಾದಿಯಾಗಿದ್ದವರು. ಊರಲ್ಲಿ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದ್ದು, ನಾನೂ ಸೇರಿ. ವಾಂತಿಭೇದಿ ಬಂದ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಹೇಗೆ ಅಂತ ಹದಿನಾರು ಪುಟದಲ್ಲಿ ಬರೆದಿದ್ದರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಕರಡನ್ನು ನಾನೇ ಓದಿ ಹೇಳಬೇಕಾಯಿತು. ನಾನು ಒಂದು ಮಾತು ತೆಗೆಯುವಷ್ಟರಲ್ಲಿ ಮುಂದಿನದನ್ನು ಅವರೇ ಹೇಳಿಬಿಡುತ್ತಿದ್ದರು, ಎಲ್ಲ ಬಾಯಿಪಾಠ. ನಾನು ಕಾಗದದ ಮೇಲೆ ಕಣ್ಣು ಹಾಯಿಸದೆ ಹೂಂ ಹೂಂ ಅಂದೆ. ಸಾವಿರ ಪ್ರತಿ ಅಚ್ಚಾದವು. ಒಂಬೈನೂರಕ್ಕೂ ಮೇಲೆ ಅಂಬಿಗರ ತಿರಕಪ್ಪ ದೋಣಿಯಲ್ಲಿ ಕೆಳನಾಡಿಗೆ ಒಯ್ದ. ಅಲ್ಲಿ ಹೊಳೆ ಉಕ್ಕಿದಾಗಲೆಲ್ಲ ಈ ಬೇನೆ, ಆದರೆ ಆಮೇಲೆ ಎರಡು ವರ್ಷ ಹೊಳೆ ಉಕ್ಕಲಿಲ್ಲ. ಉಳಿದ ನಲವತ್ತು ಪ್ರತಿ ನಮ್ಮ ಅಚ್ಚುಕೂಟದ ಹಲಗೆಯ ಮೇಲೆ ಧೂಳು ತಿನ್ನುತ್ತಾ ಕೂತವು.

ಈ ವರ್ಷ ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಆ ಹಲಗೆ ಮುರಿದು ಬಿತ್ತು. ನಾವು ಗೆದ್ದಲು ಅಂದುಕೊಂಡೆವು. ಬಿದ್ದ ಪುಸ್ತಕ ಎತ್ತಲು ಬಗ್ಗಿದರೆ ಒಂದೊಂದು ಪ್ರತಿಯೂ ಕಬ್ಬಿಣದ ಇಸ್ತ್ರಿಪೆಟ್ಟಿಗೆಯಷ್ಟು ಭಾರ. ಗುರುಶಾಂತಪ್ಪನವರು ಒಂದು ಪ್ರತಿಯನ್ನು ಹೆಗಲ ಮೇಲೆ ಹೊತ್ತರು. ತೂಕದ ಕಟ್ಟೆಗೆ ಒಯ್ದು ತೂಗಿಸಿದರು, ಎಂಟು ಸೇರು. ಮುಂದಿನ ಸೋಮವಾರ ಒಂದೂವರೆ ಮಣ. ಅದರ ಮುಂದಿನ ವಾರಕ್ಕೆ ತಕ್ಕಡಿಯ ಸರಪಳಿ ಕಿತ್ತು ಬಂತು. ಒಂದು ಪ್ರತಿಯನ್ನು ಇಟ್ಟುಕೊಂಡು ಉಳಿದವನ್ನು ಬಂಡಿ ಮೇಲೆ ಗಡಿಕಲ್ಲಿನ ಆಚೆ ಸಾಗಿಸುವಷ್ಟರಲ್ಲಿ ಗಾಲಿಯ ಎರಡು ಅಚ್ಚು ಮುರಿದವು.

ಊರಿಗೆ ಊರೇ ಹುಚ್ಚಾಯಿತು. ನಮ್ಮೂರ ಪುಸ್ತಕ, ನಮ್ಮೂರ ಅಚ್ಚು, ನಮ್ಮೂರ ದಾದಿ! ಅಂಗಳದಲ್ಲಿ ಹೊಸ ಚಪ್ಪಡಿ ಹಾಕಿಸಿದರು. ಸೋಮವಾರ ಸಾಲೋಮಿಬಾಯಿಯವರಿಗೆ ಶಾಲು ಹೊದಿಸುವುದು, ನನಗೂ ಒಂದು ಹಾರ. ಸೀಸದವರ ಮನೆಯವರೂ ಪಾಯಸಕ್ಕೆ ಬೆಲ್ಲ ಕಳಿಸಿದರು. ನಾನು ಹೊಸ ಸೀರೆ ತೆಗೆದು ಇಸ್ತ್ರಿ ಮಾಡಿಸಿಟ್ಟೆ.

ಶನಿವಾರ ತಿರಕಪ್ಪನ ದೋಣಿ ಬಂತು. ಕೆಳನಾಡಿನಲ್ಲಿ ನೆರೆ ಬಂದು ಹೋಗಿದೆ, ಬೇನೆ ಎದ್ದಿದೆ, ಒಂಬೈನೂರು ಪ್ರತಿ ಸಾಲದೆ ಜನ ಕೈಯಲ್ಲಿ ಬರೆದುಕೊಂಡು ಮನೆಮನೆಗೆ ಅಂಟಿಸಿದ್ದಾರೆ, ನಿಮ್ಮೂರ ಪುಸ್ತಕ ಇಲ್ಲದ ಮನೆಯೇ ಇಲ್ಲ ಎಂದ. ಕೇಳಿದವರು ಚಪ್ಪಾಳೆ ಹೊಡೆದರು. ಆಮೇಲೆ ಅವನು ದನಿ ತಗ್ಗಿಸಿ ಹೇಳಿದ್ದನ್ನು ಹತ್ತಿರ ನಿಂತ ನಾನು ಕೇಳಿಸಿಕೊಂಡೆ. ಕೂಸುಗಳು ಬಹಳ ಹೋಗುತ್ತಿವೆಯಂತೆ. ನೀರು ಕುಡಿಸಿದರೂ ಹೋಗುತ್ತಿವೆಯಂತೆ.

ಭಾನುವಾರ ಮಧ್ಯಾಹ್ನ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಅಚ್ಚುಕೂಟದ ನೆಲದ ಮೇಲೆ ಅಲುಗಾಡದೆ ಬಿದ್ದಿದ್ದ ಆ ಒಂದು ಪ್ರತಿಯ ಮುಂದೆ ಕಾಲು ಚಾಚಿ ಕೂತು, ಒಂದೊಂದೇ ಹಾಳೆಯನ್ನು ಕದ ತೆರೆದ ಹಾಗೆ ಎರಡೂ ಕೈಯಿಂದ ತಳ್ಳಿ, ಹುಟ್ಟಿದ ಮೇಲೆ ಮೊದಲ ಸಲ ಒಂದು ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದಿದೆ. ಎಂಟು ಪುಟ ಎಷ್ಟು ಚೆಂದ ಬರೆದಿದ್ದಾರಮ್ಮ ಅನ್ನಿಸಿತು. ಒಂಬತ್ತನೆಯ ಪುಟದಲ್ಲಿ, ಒಂದು ದೊಡ್ಡ ತಂಬಿಗೆ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕಾದ್ದು ಎಂದು ಬರೆದು ಕೆಳಗೆ ಎರಡು ಸಾಲು ಇದ್ದವು. ಸಕ್ಕರೆ, ಅರ್ಧ ಚಮಚ. ಉಪ್ಪು, ಆರು ಚಮಚ.

ಆ ಎರಡು ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ನಾನು ದಾದಿಯಲ್ಲ, ಆದರೆ ಅಡಿಗೆ ಮಾಡುವವಳು. ಆರು ಚಮಚ ಉಪ್ಪು ಹಾಕಿದ ನೀರನ್ನು ಎಮ್ಮೆಯೂ ಕುಡಿಯುವುದಿಲ್ಲ. ತಪ್ಪು ಹೇಗಾಯಿತು ಎಂಬುದು ಕೂತಲ್ಲೇ ಹೊಳೆಯಿತು. ಎಡಗಡೆಯ ಹೆಸರುಗಳನ್ನು ಕಟ್ಟಳೆಯಂತೆ ಕೆಳಗಿನಿಂದ ಜೋಡಿಸಿದ್ದೆ. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಊಟ ಮಾಡಿ ಬಂದು ಬಲಗಡೆಯ ಅಳತೆಗಳನ್ನು ಹಿಡಿದಾಗ ಕೈ ಮೇಲಿನಿಂದ ಶುರುಮಾಡಿತು, ಮೊದಲು ಎತ್ತಿದ ಸಕ್ಕರೆಯ ಅಳತೆ ಕೆಳಗಿನ ಉಪ್ಪಿನ ಎದುರು ಕೂತಿತು. ಕರಡು ನೋಡುವಾಗ ಪ್ರತಿಯೊಂದು ಅಕ್ಷರವೂ ಸರಿಯಿತ್ತು. ಒಂದು ಕೊಂಬೂ ತಪ್ಪಿರಲಿಲ್ಲ.

ನಾನು ಓಡಿದ್ದು ಗುರುಶಾಂತಪ್ಪನವರ ಮನೆಗೆ. ಕೆಟ್ಟವರಲ್ಲ ಅವರು, ನನ್ನ ಗಂಡ ತೀರಿದಾಗ ಹೆಗಲು ಕೊಟ್ಟವರು. ನಾನು ಹೇಳಿದ್ದನ್ನು ಕೇಳಿ ಎದ್ದು ಬೀದಿಬಾಗಿಲು ಮುಚ್ಚಿದರು. ಆಮೇಲೆ, ನಾಳೆ ಒಂದು ದಿನ ಬಾಯಿ ಕಟ್ಟಿಕೋ ಎಂದರು. ಸಮಾರಂಭ ಮುಗಿಯಲಿ, ಎರಡನೆಯ ಮುದ್ರಣದಲ್ಲಿ ಸದ್ದಿಲ್ಲದೆ ತಿದ್ದೋಣ, ಲೋಕದ ಯಾವ ದೊಡ್ಡ ಪುಸ್ತಕದಲ್ಲಿ ತಪ್ಪಿಲ್ಲ ಎಂದರು. ತಿರಕಪ್ಪನ ದೋಣಿ ನಾಳೆ ಮಧ್ಯಾಹ್ನ ಹೊರಡುತ್ತದೆ, ಅದು ತಪ್ಪಿದರೆ ಮತ್ತೆ ಹತ್ತು ದಿನ ದೋಣಿಯಿಲ್ಲ ಎಂದೆ. ಅವರು ಅಚ್ಚುಕೂಟದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಹೇಳಲು ನಾಚಿಕೆಯಾಗುತ್ತದೆ, ಹೊರಗೆ ಬಂದಾಗ ನನಗೆ ಒಂದು ಗಳಿಗೆ ಹಗುರವೆನಿಸಿತು. ಮಾಲಕರೇ ಬೇಡ ಅಂದಮೇಲೆ ನನ್ನದೇನು ಅನ್ನಿಸಿತು. ಮನೆಗೆ ಬಂದು ಸಾರು ಕುದಿಸಿ ಉಪ್ಪಿನ ಭರಣಿಗೆ ಕೈ ಹಾಕಿದೆ. ಹಾಕಿದ ಕೈಯನ್ನು ಹೊರಗೆ ತೆಗೆಯಲು ಆಗಲಿಲ್ಲ. ಒಲೆ ನಂದಿಸಿ, ಆ ಭರಣಿಯನ್ನೇ ಸೆರಗಿನಲ್ಲಿ ಇಟ್ಟುಕೊಂಡು ಸಾಲೋಮಿಬಾಯಿಯವರ ಮನೆಗೆ ಹೋದೆ.

ಅವರು ಜಗಲಿಯಲ್ಲಿ ಕೂತು ನಾಳೆಯ ಶಾಲಿಗೆ ಒಪ್ಪುವ ಸೀರೆ ಯಾವುದು ಅಂತ ಮುಟ್ಟಿ ಮುಟ್ಟಿ ಹುಡುಕುತ್ತಿದ್ದರು. ನಾನು ನಿಂತೇ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎದ್ದು ಗೋಡೆ ಹಿಡಿದು ಒಳಗೆ ಹೋಗಿ ಒಂದು ತಂಬಿಗೆ ನೀರು, ಒಂದು ಚಮಚ ತಂದರು. ನನ್ನ ಭರಣಿಯಿಂದ ಆರು ಚಮಚ ಉಪ್ಪು ಎಣಿಸಿ ಹಾಕಿದರು, ಅರ್ಧ ಚಮಚ ಸಕ್ಕರೆ ಹಾಕಿದರು, ಕಲಕಿ ನನ್ನ ಕೈಗೆ ಕೊಟ್ಟರು.

"ಕುಡಿ," ಅಂದರು.

ಎರಡು ಗುಟುಕು ಇಳಿಸಿದೆ. ಮೂರನೆಯದಕ್ಕೆ ಹೊಟ್ಟೆಯೊಳಗಿನದೆಲ್ಲ ಅಂಗಳಕ್ಕೆ ಬಂತು. ಅವರು ನನ್ನ ಬೆನ್ನು ನೀವಿದರು. ಆಮೇಲೆ ಅದೇ ತಂಬಿಗೆಯನ್ನು ತಾವು ತೆಗೆದುಕೊಂಡು ಕುಡಿದರು, ತಡೆಯಲು ಹೋದರೆ ಕೈ ಸರಿಸಿದರು. ಬಾಯಿ ಒರೆಸಿಕೊಂಡು ಹೇಳಿದರು, "ನಾ ಕಣ್ಣಿಲ್ಲದಾಕಿ, ಕಿವಿ ಕೊಟ್ಟು ಕೇಳಬೇಕಾಗಿತ್ತು. ನನ್ನ ಮಾತು ನನಗ ಬರ್ತದ ಅಂತ ಸೊಕ್ಕಿನಿಂದ ಕುಂತೆ. ಇದರಾಗ ನನ್ನದೂ ಪಾಲದ, ನೀಲಾ."

ಸೋಮವಾರ ಬೆಳಿಗ್ಗೆ ಅಂಗಳ ತುಂಬಿತ್ತು. ಹದಿನಾಲ್ಕು ಜನ ಪುಸ್ತಕವನ್ನು ಬಿದಿರಿಗೆ ಕಟ್ಟಿ ಹೊತ್ತು ತಂದು ಹೊಸ ಚಪ್ಪಡಿಯ ಮೇಲಿಟ್ಟರು. ಚಪ್ಪಡಿ ಲಟಕ್ ಎಂದಿತು, ಜನ ಓ ಎಂದು ಕೂಗಿದರು. ಆ ಲಟಕ್ ನನ್ನ ಬೆನ್ನುಹುರಿಯಲ್ಲಿ ಕೇಳಿಸಿತು. ನಿನ್ನೆಗಿಂತ ಇವತ್ತು ಭಾರ ಅಂದರೆ ಇವತ್ತು ಇನ್ನಷ್ಟು ಮನೆಗಳಲ್ಲಿ ಚಮಚ ಎತ್ತಿದ್ದಾರೆ ಅಂತ ಅರ್ಥ. ಗುರುಶಾಂತಪ್ಪನವರು ನನ್ನತ್ತ ನೋಡಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಹೇಳಿ ಭಾಷಣ ಶುರುಮಾಡಿದರು. ಪಾಪ, ಗಾದೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರು, ಹೇಳಿದ ಮೇಲೆ ಅವರ ಮುಖ ಸುಣ್ಣವಾಯಿತು.

ಸಾಲೋಮಿಬಾಯಿಯವರು ಶಾಲು ಹೊದೆಯಲಿಲ್ಲ. ನನ್ನ ತೋಳು ಹಿಡಿದು ಎದ್ದು ನಿಂತು, ಈ ಪುಸ್ತಕದ ಒಂಬತ್ತನೆಯ ಪುಟ ಕೂಸುಗಳನ್ನು ಕೊಲ್ಲುತ್ತಿದೆ ಎಂದು ಹೇಳಿದರು. ಬರೆದವಳು ನಾನು, ಜೋಡಿಸಿದವಳು ಇವಳು, ತಪ್ಪು ಇಬ್ಬರದೂ ಎಂದರು. ಜನಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಯಾರೋ ಒಬ್ಬರು, ಇದನ್ನು ನಾಳೆ ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಅಂದರು. ಇನ್ನೊಬ್ಬಳು ನನ್ನನ್ನು ನೋಡಿ, ಊರ ಮುಖಕ್ಕೆ ಮಸಿ ಬಳಿದೆಯಲ್ಲೇ ಎಂದಳು. ನನ್ನ ಕಣ್ಣು ಸೂರ್ಯನ ಮೇಲಿತ್ತು, ದೋಣಿ ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಗುರುಶಾಂತಪ್ಪನವರ ಮುಂದೆ ಹೋಗಿ ಕೈ ಚಾಚಿದೆ. ಅವರು ಸೊಂಟದಿಂದ ಬೀಗದ ಕೈ ತೆಗೆದು ಅಂಗೈ ಮೇಲಿಟ್ಟರು, ಅವರ ಕಣ್ಣಲ್ಲಿ ನೀರಿತ್ತು.

ಅಚ್ಚುಕೂಟದಲ್ಲಿ ನಾನು ಮೊಳೆಗೆ ಕೈ ಹಾಕಿದಾಗ ಸಾಲೋಮಿಬಾಯಿಯವರು ಸ್ಟೂಲಿನ ಮೇಲೆ ಕೂತು ಹೇಳಿದರು, "ಮ್ಯಾಲಿಂದ ಜೋಡಸು. ಒಂದೊಂದು ಶಬ್ದ ಜೋರಾಗಿ ಓದಿ ಹೇಳು. ಈ ಸಲ ನಾ ಬಾಯಿ ಬಿಡಂಗಿಲ್ಲ."

ಮೂವತ್ತೊಂದು ವರ್ಷದ ಕಟ್ಟಳೆ ಮುರಿದೆ. ಸಕ್ಕರೆ ಆರು ಚಮಚ ಎಂದು ಕೂಗಿದೆ, ಉಪ್ಪು ಅರ್ಧ ಚಮಚ ಎಂದು ಕೂಗಿದೆ, ಅವಸರದಲ್ಲಿ ಎರಡು ಸಲ ಮೊಳೆ ಚೆಲ್ಲಿದವು. ಪುಸ್ತಕದ ಅಳತೆ ತಪ್ಪು, ಜೋಡಿಸಿದವಳು ನೀಲವ್ವ ಎಂದು ನನ್ನ ಹೆಸರನ್ನೂ ಹಾಕಿದೆ. ಹೆಸರಿಲ್ಲದ ಹಾಳೆಯನ್ನು ಯಾರು ನಂಬುತ್ತಾರೆ? ಕೊನೆಯಲ್ಲಿ ಸಾಲೋಮಿಬಾಯಿಯವರು ಇನ್ನೊಂದು ಸಾಲು ಸೇರಿಸಿದರು. ಮೊದಲು ತಾಯಿ ಒಂದು ಗುಟುಕು ಕುಡಿದು ನೋಡಲಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಲಿ. ಗುರುಶಾಂತಪ್ಪನವರು ಸಮಾರಂಭದ ಅಂಗಿಯಲ್ಲೇ ಬಂದು ಅಚ್ಚಿನ ಮಷಿನ್ನು ತುಳಿದರು. ಹೊತ್ತು ನೆತ್ತಿಯಿಂದ ಜಾರಿ ಎರಡು ತಾಸಾಗಿತ್ತು. ತಿರಕಪ್ಪ ನೀರಿಗೆ ಉಗುಳುತ್ತಾ, ನಮ್ಮನ್ನೆಲ್ಲ ಬೈಯುತ್ತಾ, ಕಾದಿದ್ದ. ಎರಡು ಸಾವಿರ ಹಾಳೆ ದೋಣಿಗೆ ಹೋದವು. ಒಂದೇ ಒಂದನ್ನು ಉಳಿಸಿಕೊಂಡು ನನ್ನ ಕೆಲಸದ ಮೇಜಿನ ಮೇಲಿಟ್ಟೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಒಡೆದದ್ದನ್ನು ಕೂಡಿಸಲು ಎಷ್ಟು ದಿನ ಅಂತ ಯಾವ ಗಾದೆಯೂ ಹೇಳುವುದಿಲ್ಲ. ಕೆಳನಾಡಿಗೆ ದೋಣಿ ಮುಟ್ಟಲು ಮೂರು ದಿನ. ನಾಲ್ಕನೆಯ ದಿನದಿಂದ ನಾನು ಬೆಳಿಗ್ಗೆ ಬಾಗಿಲು ತೆರೆದು ಮೊದಲು ಆ ಹಾಳೆಯ ಮೂಲೆ ಹಿಡಿದು ಎತ್ತುತ್ತಿದ್ದೆ. ಸಾಲೋಮಿಬಾಯಿಯವರು ಕೋಲೂರಿಕೊಂಡು ಬಂದು ಹೊಸ್ತಿಲಲ್ಲಿ ನಿಂತಿರುತ್ತಿದ್ದರು.

"ಎದ್ದಿತೇನ?"

"ಎದ್ದಿತು, ಬಾಯಾರ."

ಎದ್ದಿತು ಅಂದರೆ ಯಾರೂ ಅದರ ಮಾತು ಕೇಳಿಲ್ಲ ಅಂತ. ಅವರು ಹೂಂ ಎಂದು ತಿರುಗಿ ಹೋಗುತ್ತಿದ್ದರು. ಅಂಗಳದಲ್ಲಿ ಪುಸ್ತಕ ಮಾತ್ರ ದಿನದಿನಕ್ಕೆ ಚಪ್ಪಡಿಯೊಳಗೆ ಇಳಿಯುತ್ತಿತ್ತು. ಬಿರುಕು ಮೂಲೆ ಮುಟ್ಟಿತ್ತು. ನಾನು ದಾರಿಯಲ್ಲಿ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ಉಪ್ಪು ಹಾಕದ ಅನ್ನ ಉಣ್ಣುತ್ತಿದ್ದೆ.

ಹನ್ನೊಂದನೆಯ ದಿನ ತಿರಕಪ್ಪ ಬಂದ. ಹಾಳೆಗಳನ್ನು ಊರೂರಿನ ಕಟ್ಟೆಗೆ ಅಂಟಿಸಿದ್ದೇನೆ, ಆದರೆ ಜನ ನಂಬುತ್ತಿಲ್ಲ ಎಂದ. ಪುಸ್ತಕ ದೊಡ್ಡದೋ, ಒಂದು ಹಾಳೆ ದೊಡ್ಡದೋ ಅಂತ ಅವನನ್ನೇ ಕೇಳಿದರಂತೆ. ಒಂದು ಊರಿನಲ್ಲಿ ಹಾಳೆಯನ್ನು ಹರಿದು ಅವನ ಮುಖದ ಮೇಲೆ ಎಸೆದರಂತೆ. ಹೊರಡುವಾಗ ಇನ್ನೊಂದು ಸುದ್ದಿ ಹೇಳಿದ. ಹೊಳೆದಂಡೆಯ ಒಂದು ಗುಡಿಸಲಿನಲ್ಲಿ ಬಾಣಂತಿಯೊಬ್ಬಳು, ಓದು ಬಾರದವಳು, ಕೊನೆಯ ಸಾಲನ್ನು ಇವನ ಬಾಯಿಂದ ಕೇಳಿ, ಗುಟುಕು ಕುಡಿದು, ತಂಬಿಗೆಯನ್ನು ಹಾಗೇ ಅಂಗಳಕ್ಕೆ ಚೆಲ್ಲಿದಳಂತೆ. ಸುತ್ತಲಿನ ಗುಡಿಸಲಿನವರು ನೋಡುತ್ತಾ ನಿಂತಿದ್ದರಂತೆ, ಚೆಲ್ಲಿದವಳು ಮಾತ್ರ ಅವಳೊಬ್ಬಳೇ. ಒಬ್ಬಳಿಂದ ಹಾಳೆ ಭಾರವಾಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಓಡಿ ಹೋಗಿ ಎತ್ತಿ ನೋಡಿದೆ. ಗಾಳಿಗೆ ಪಟಪಟ ಎಂದಿತು.

ಹದಿನೈದನೆಯ ದಿನ ಎದ್ದಿತು. ಹದಿನಾರನೆಯ ದಿನವೂ ಎದ್ದಿತು, ನನಗೆ ತುಸು ಜಿಗುಟು ಅನ್ನಿಸಿತಾದರೂ ಮಳೆಯ ತೇವ ಇರಬೇಕು ಎಂದುಕೊಂಡು ಯಾರಿಗೂ ಹೇಳಲಿಲ್ಲ. ಸುಳ್ಳು ಆಸೆ ಹುಟ್ಟಿಸಲು ನನಗೆ ಯಾವ ಹಕ್ಕಿತ್ತು? ಅಂದು ಅಂಗಳದ ಹತ್ತಿರ ಹೋಗಿ ನೋಡಿದರೆ ಪುಸ್ತಕ ಇದ್ದಲ್ಲೇ ಇತ್ತು. ಚಪ್ಪಡಿಯ ಬಿರುಕು ಹಿಂದಿನ ದಿನದಷ್ಟೇ ಇತ್ತು.

ಹದಿನೇಳನೆಯ ದಿನ ಬಾಗಿಲು ತೆರೆದಾಗ ಮೇಜು ಒಂದು ಕಡೆಗೆ ವಾಲಿತ್ತು. ಹಾಳೆಯ ಮೂಲೆಗೆ ಉಗುರು ಹಾಕಿದೆ, ಏಳಲಿಲ್ಲ. ಎರಡೂ ಕೈ ಹಾಕಿದೆ, ಉಗುರು ಕಿತ್ತು ರಕ್ತ ಬಂತು. ಮೇಜಿನ ಕಾಲು ಕಿರ್ ಎಂದಿತು. ಹಿಂದೆ ಹೊಸ್ತಿಲಲ್ಲಿ ಕೋಲಿನ ಸದ್ದಾಯಿತು.

"ಎದ್ದಿತೇನ, ನೀಲಾ?"

ನಾನು ಮತ್ತೊಮ್ಮೆ ಮೂಲೆ ಎಳೆದು ನೋಡಿದೆ. ಅವರು ಮತ್ತೆ ಕೇಳಿದರು.

"ಇಲ್ಲ, ಬಾಯಾರ. ಏಳವಲ್ದು."

ಅವರು ಕೋಲು ಬಿಟ್ಟು ಎರಡೂ ಕೈ ಮುಂದೆ ಚಾಚಿಕೊಂಡು ಬಂದರು. ಮೇಜನ್ನು ತಡವಿ ಹಾಳೆಯನ್ನು ಹುಡುಕಿ, ಮೂಲೆ ಹಿಡಿದು ಎಳೆದರು. ಇನ್ನೊಂದು ಮೂಲೆ ಎಳೆದರು. ಆಮೇಲೆ ಅಂಗೈ ಅಗಲಿಸಿ ಅದರ ಮೇಲಿಟ್ಟು ನಿಂತರು. ಗುರುಶಾಂತಪ್ಪನವರು ಬಾಗಿಲಲ್ಲಿ ನಿಂತು ನೋಡಿದವರು ಹಿತ್ತಲಿಗೆ ಹೋಗಿ ಒಂದು ಕಲ್ಲು ಹೊತ್ತು ತಂದು ವಾಲಿದ ಕಾಲಿನ ಕೆಳಗೆ ಕೊಟ್ಟರು. ನಾನು ನೆಲದ ಮೇಲೆ ಕೂತು ಅತ್ತೆ. ಸಂತೋಷಕ್ಕೋ, ಭಯ ಬಿಟ್ಟುಹೋದದ್ದಕ್ಕೋ, ಎರಡೂ ಕೂಡಿಯೇ ಅತ್ತೆ.

ಸಾಲೋಮಿಬಾಯಿಯವರು ಮಾತ್ರ ಅಳಲಿಲ್ಲ. ಕೈ ತೆಗೆಯದೆ ಮೆಲ್ಲಗೆ ಕೇಳಿದರು, "ಇದು ಉಳದ ಕೂಸುಗಳ ಭಾರ. ಹೋದ ಕೂಸುಗಳ ಭಾರ ಎಷ್ಟಂತ ಯಾರು ತೂಗಿ ಹೇಳ್ತಾರ?"

ಎದ್ದು ಮೊಳೆಯ ಪೆಟ್ಟಿಗೆಯ ಮುಂದೆ ನಿಂತೆ. ಅಂದು ಒಂದು ಮದುವೆ ಪತ್ರಿಕೆ ಜೋಡಿಸಬೇಕಿತ್ತು. ಮೇಲಿನ ಸಾಲಿನಿಂದ ಶುರುಮಾಡಿ, ಅವರಿಗೆ ಕೇಳುವ ಹಾಗೆ, ಒಂದೊಂದೇ ಮಾತನ್ನು ಜೋರಾಗಿ ಓದುತ್ತಾ ಜೋಡಿಸಿದೆ.